ಸರ್ವೆ ನಂಬರ್ 12/3 ಮಾರ್ಚ್ 12 ಆಗದಿರಲು: ತಂತ್ರಾಂಶದ ಊಹೆ ಎಲ್ಲಿ ಸಾಕು, ನಿಮ್ಮ ಕೈ ಎಲ್ಲಿ ಬೇಕು

ತೀರ್ಥಹಳ್ಳಿ ತಾಲ್ಲೂಕಿನ ನಮ್ಮೂರಿನಲ್ಲಿ ಅಡಿಕೆ ಬೆಳೆಗಾರರ ಒಂದು ಪಟ್ಟಿ ಬೇಕಾಗಿತ್ತು. ಹೆಸರು, ಸರ್ವೆ ನಂಬರ್, ಜಮೀನಿನ ವಿಸ್ತೀರ್ಣ, ಫೋನ್, ಬ್ಯಾಂಕ್ ಖಾತೆ. ಅರವತ್ತು ಚಿಲ್ಲರೆ ಸಾಲು. ಒಂದು ರಾತ್ರಿ ಕೂತು ನಾನೇ ಎಕ್ಸೆಲ್‌ನಲ್ಲಿ ಹೊಡೆದೆ. ಬೆಳಗ್ಗೆ ಪೇಟೆಗೆ ಹೋಗಿ ಪ್ರಿಂಟ್ ತೆಗೆಸಿ ತಂದೆ. ಪಕ್ಕದ ಮನೆಯ ಹಿರಿಯರು ತಮ್ಮ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: "ಎಂತ ಮಾರಾಯ ಇದು? ಸರ್ವೆ ನಂಬರ್ ಜಾಗದಲ್ಲಿ ತಾರೀಕು ಹಾಕಿದ್ದೀಯಲ್ಲ?"

ಅವರದು ಸರ್ವೆ ನಂಬರ್ 12, ಹಿಸ್ಸಾ 3. ನಾನು 12/3 ಎಂದೇ ಹೊಡೆದಿದ್ದೆ. ಕಾಗದದ ಮೇಲೆ ಬಂದದ್ದು ಮಾರ್ಚ್ 12. ಗಾಬರಿಯಿಂದ ಉಳಿದ ಸಾಲು ನೋಡಿದೆ. ಇನ್ನೂ ಎಷ್ಟೋ ಜನರ ಜಮೀನು ಹೀಗೇ ತಾರೀಕಾಗಿತ್ತು. 145/2 ಇದ್ದವರದು ಸರಿ ಇತ್ತು, ಯಾಕೆಂದರೆ 145ನೇ ತಾರೀಕು ಯಾವ ತಿಂಗಳಲ್ಲೂ ಇಲ್ಲ. ಎಲ್ಲ ಸಾಲೂ ತಪ್ಪಿದ್ದರೆ ಟೈಪ್ ಮಾಡುವಾಗಲೇ ಕಣ್ಣಿಗೆ ಬೀಳುತ್ತಿತ್ತು. ಕೆಲವು ಸರಿ, ಕೆಲವು ತಪ್ಪು ಇದ್ದದ್ದರಿಂದ ಕಣ್ಣು ಜಾರಿತು. ಆ ಪಟ್ಟಿ ಹಾಗೇ ಕಚೇರಿಗೆ ಹೋಗಿದ್ದರೆ ಯಾರ ಅರ್ಜಿ ಎಲ್ಲಿ ನಿಲ್ಲುತ್ತಿತ್ತೋ.

ಅಂದಿನಿಂದ ನಾನು ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಸಂಘದ ಲೆಕ್ಕ ಬರೆಯುವವರಿಗೆ, ಅರ್ಜಿ ಟೈಪ್ ಮಾಡಿ ಕೊಡುವವರಿಗೆ, ಶಾಲೆಯ ಪಟ್ಟಿ ಮಾಡುವ ಮೇಷ್ಟ್ರಿಗೆ, ಎಲ್ಲರಿಗೂ ಇದು ಬೇಕಾಗುತ್ತದೆ.

ಊಹೆ ಯಾಕೆ ತಪ್ಪುತ್ತದೆ?

ನೀವು ಒಂದು ಸೆಲ್‌ನಲ್ಲಿ ಏನಾದರೂ ಹೊಡೆದು ಎಂಟರ್ ಒತ್ತಿದ ಕೂಡಲೇ ಎಕ್ಸೆಲ್ ಅದನ್ನು ನೋಡಿ ತೀರ್ಮಾನ ಮಾಡುತ್ತದೆ: ಇದು ಸಂಖ್ಯೆಯೋ, ತಾರೀಕೋ, ಬರೀ ಅಕ್ಷರವೋ? ನಡುವೆ ಓರೆಗೆರೆ ಅಥವಾ ಅಡ್ಡಗೆರೆ ಇದ್ದು, ಎರಡೂ ಕಡೆ ಸಣ್ಣ ಅಂಕಿ ಇದ್ದರೆ ತಾರೀಕು ಎಂದುಕೊಳ್ಳುತ್ತದೆ. ಜಗತ್ತಿನಲ್ಲಿ ಹೆಚ್ಚು ಜನ ಹಾಗೆ ಬರೆಯುವುದು ತಾರೀಕನ್ನೇ. ಪಹಣಿ, ಹಿಸ್ಸಾ, ಗುಂಟೆ ಅದಕ್ಕೆ ಗೊತ್ತಿಲ್ಲ.

ಯಾವ ತಾರೀಕು ಎನ್ನುವುದೂ ಕಂಪ್ಯೂಟರಿನ ಪ್ರಾಂತ್ಯದ ಸೆಟ್ಟಿಂಗ್ ಮೇಲೆ ನಿಂತಿದೆ. ಭಾರತ ಎಂದಿದ್ದರೆ 12/3 ಮಾರ್ಚ್ 12. ಅಮೆರಿಕ ಎಂದಿದ್ದರೆ ಅದೇ 12/3 ಡಿಸೆಂಬರ್ 3. ಹೊಸ ಲ್ಯಾಪ್‌ಟಾಪ್ ಎಷ್ಟೋ ಸಲ ಅಮೆರಿಕದ ಸೆಟ್ಟಿಂಗ್‌ನಲ್ಲೇ ಇರುತ್ತದೆ. ಹಾಗಾಗಿ ಮನೆಯಲ್ಲಿ ಒಂದು ತಾರೀಕು, ಸಂಘದ ಕಂಪ್ಯೂಟರಿನಲ್ಲಿ ಇನ್ನೊಂದು.

ಇದು ನಮ್ಮ ಮಲೆನಾಡಿನ ತೊಂದರೆ ಮಾತ್ರ ಅಲ್ಲ. ಮನುಷ್ಯನ ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ 2020ರಲ್ಲಿ ಕೆಲವು ಜೀನ್‌ಗಳ ಹೆಸರನ್ನೇ ಬದಲಿಸಿತು. ಮಾರ್ಚ್1, ಸೆಪ್ಟ್1 ಎಂಬ ಜೀನ್‌ಗಳನ್ನು ಎಕ್ಸೆಲ್ ತಾರೀಕು ಮಾಡಿಬಿಡುತ್ತಿತ್ತು. ಈಗ ಅವು ಮಾರ್ಚ್‌ಎಫ್1, ಸೆಪ್ಟಿನ್1. ವಿಜ್ಞಾನಿಗಳು ಹೆಸರು ಬದಲಿಸಿಕೊಂಡರು. ನಾವು ಸರ್ವೆ ನಂಬರ್ ಬದಲಿಸಲು ಆಗುವುದಿಲ್ಲ. ಸೆಟ್ಟಿಂಗ್ ಬದಲಿಸಬೇಕು.

ಶುರು ಮಾಡುವ ಮೊದಲು ಒಂದು ಪ್ರಶ್ನೆ

ಪ್ರತಿ ಕಾಲಂ ಮುಂದೆ ಇದನ್ನು ಕೇಳಿಕೊಳ್ಳಿ: ಈ ಅಂಕಿಗಳನ್ನು ನಾನು ಕೂಡಿ ಕಳೆಯುತ್ತೇನಾ? ಅಡಿಕೆಯ ತೂಕ, ದರ, ಮೊತ್ತ: ಹೌದು, ಕೂಡುತ್ತೇವೆ. ಅವನ್ನು ತಂತ್ರಾಂಶದ ಊಹೆಗೇ ಬಿಡಿ, ಅದು ಸಂಖ್ಯೆ ಎಂದೇ ಹಿಡಿಯುತ್ತದೆ. ಸರ್ವೆ ನಂಬರ್, ಫೋನ್, ಪಿನ್‌ಕೋಡ್, ಖಾತೆ ನಂಬರ್, ಆಧಾರ್, ರಸೀದಿ ನಂಬರ್: ಇವನ್ನು ಯಾರೂ ಕೂಡುವುದಿಲ್ಲ. ಇವು ಅಂಕಿಯಲ್ಲಿ ಬರೆದ ಹೆಸರುಗಳು, ಅಲ್ವಾ? ಇಂಥ ಕಾಲಂಗಳಿಗೆ ಟೈಪ್ ಮಾಡುವ ಮೊದಲೇ ಕೈಯಾರೆ 'ಟೆಕ್ಸ್ಟ್' ಎಂದು ಹೇಳಿಡಬೇಕು.

ಎಕ್ಸೆಲ್‌ನಲ್ಲಿ ಹೀಗೆ ಮಾಡಿ. ಕಾಲಂ ತಲೆಯ ಅಕ್ಷರದ ಮೇಲೆ ಕ್ಲಿಕ್ ಮಾಡಿ, ಇಡೀ ಕಾಲಂ ಆಯ್ಕೆ ಆಗುತ್ತದೆ. ಕಂಟ್ರೋಲ್ ಕೀ ಹಿಡಿದು 1 ಒತ್ತಿ. ತೆರೆಯುವ ಚೌಕದಲ್ಲಿ ನಂಬರ್ ಎಂಬ ಪುಟಕ್ಕೆ ಹೋಗಿ, ಪಟ್ಟಿಯಲ್ಲಿ ಟೆಕ್ಸ್ಟ್ ಆರಿಸಿ, ಓಕೆ ಕೊಡಿ. ಈಗ 12/3 ಹೊಡೆಯಿರಿ, 12/3 ಆಗಿಯೇ ಕೂರುತ್ತದೆ. ಉಚಿತವಾಗಿ ಸಿಗುವ ಲಿಬ್ರೆಆಫೀಸ್‌ನಲ್ಲಿ ಎಕ್ಸೆಲ್‌ನಂಥದೇ ಆದ ಕ್ಯಾಲ್ಕ್‌ನಲ್ಲೂ ಇದೇ ಕೀಗಳು. ಗೂಗಲ್ ಶೀಟ್ಸ್‌ನಲ್ಲಿ ಫಾರ್ಮ್ಯಾಟ್ ಮೆನು, ನಂಬರ್, ಪ್ಲೇನ್ ಟೆಕ್ಸ್ಟ್. ಒಂದೆರಡು ಸೆಲ್‌ಗೆ ಮಾತ್ರ ಬೇಕಿದ್ದರೆ ಅಂಕಿಯ ಮುಂದೆ ಒಂಟಿ ಉದ್ಧರಣ ಚಿಹ್ನೆ ಹಾಕಿ ಹೊಡೆದರೆ ಸಾಕು. ಆ ಚಿಹ್ನೆ ಪ್ರಿಂಟ್‌ನಲ್ಲಿ ಬರುವುದಿಲ್ಲ.

ಮೂಲೆಯಲ್ಲಿ ಸಣ್ಣ ಹಸಿರು ತ್ರಿಕೋನ ಕಾಣಬಹುದು. ಸಂಖ್ಯೆಯನ್ನು ಅಕ್ಷರವಾಗಿ ಇಟ್ಟಿದ್ದೀರಿ ಎಂದು ಎಕ್ಸೆಲ್ ಎಚ್ಚರಿಸುತ್ತಿದೆ, ಅಷ್ಟೇ. ನಮಗೆ ಬೇಕಾದದ್ದೇ ಅದು. ಅದನ್ನು ಕ್ಲಿಕ್ ಮಾಡಿ 'ಕನ್ವರ್ಟ್ ಟು ನಂಬರ್' ಮಾತ್ರ ಕೊಡಬೇಡಿ.

ಈಗಾಗಲೇ ತಾರೀಕು ಆಗಿದ್ದರೆ?

ಇಲ್ಲೇ ಎಲ್ಲರೂ ಎಡವುವುದು. ತಾರೀಕಾದ ಮೇಲೆ ಆ ಸೆಲ್ ಅನ್ನು ಟೆಕ್ಸ್ಟ್ ಮಾಡಿದರೆ 12/3 ವಾಪಸ್ ಬರುವುದಿಲ್ಲ. 45363 ಎಂಬಂಥ ಅಂಕಿ ಬರುತ್ತದೆ. ಎಕ್ಸೆಲ್ ತಾರೀಕನ್ನು 1900ರ ಜನವರಿ 1ರಿಂದ ಎಣಿಸಿದ ದಿನಗಳ ಲೆಕ್ಕವಾಗಿ ಇಡುತ್ತದೆ. 2024ರ ಮಾರ್ಚ್ 12 ಅದರ ಲೆಕ್ಕದಲ್ಲಿ 45363. ನೀವು ಹೊಡೆದ ಓರೆಗೆರೆ ಅಲ್ಲಿ ಉಳಿದೇ ಇಲ್ಲ.

ನನ್ನ ಸಲಹೆ ಒಂದೇ. ಆ ಕಾಲಂ ಅಳಿಸಿ, ಟೆಕ್ಸ್ಟ್ ಮಾಡಿ, ಪಹಣಿ ಮುಂದಿಟ್ಟುಕೊಂಡು ಮತ್ತೆ ಹೊಡೆಯಿರಿ. ಸುತ್ತು ದಾರಿಗಳಿವೆ, ಆದರೆ ಜಮೀನಿನ ವಿಷಯದಲ್ಲಿ ಸುತ್ತು ದಾರಿ ಬೇಡ. ನಾನು ಆ ದಿನ ಇಡೀ ಮಧ್ಯಾಹ್ನ ಕೂತು ಅರವತ್ತೂ ಸಾಲನ್ನು ಪಹಣಿಯೊಂದಿಗೆ ತಾಳೆ ನೋಡಿದೆ.

ಎಕರೆ ಮತ್ತು ಗುಂಟೆ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಸರ್ವೆ ನಂಬರಿಗಿಂತ ಇದು ಇನ್ನೂ ಮೋಸದ್ದು.

ಎರಡು ಎಕರೆ ಹತ್ತು ಗುಂಟೆಯನ್ನು 2-10 ಎಂದು ಬರೆಯುವುದು ನಮಗೆ ರೂಢಿ. ಹೊಡೆದರೆ ಅಕ್ಟೋಬರ್ 2 ಆಗುತ್ತದೆ. ಇದನ್ನು ತಪ್ಪಿಸಲು ಕೆಲವರು ಚುಕ್ಕೆ ಇಟ್ಟು 2.10 ಎಂದು ಹೊಡೆಯುತ್ತಾರೆ. ಆಗ ತಂತ್ರಾಂಶ ಅದನ್ನು ದಶಮಾಂಶ ಎಂದು ಹಿಡಿದು ಕೊನೆಯ ಸೊನ್ನೆ ತೆಗೆದು 2.1 ಮಾಡುತ್ತದೆ. ಓದುವವರಿಗೆ ಅದು ಎರಡು ಎಕರೆ ಒಂದು ಗುಂಟೆ. ಒಂಬತ್ತು ಗುಂಟೆ ಹೋಯಿತು! ಮೊತ್ತ ಕೂಡಿದರಂತೂ ಇನ್ನೂ ಕೆಡುತ್ತದೆ. 2.20 ಮತ್ತು 1.30 ಕೂಡಿದರೆ ಎಕ್ಸೆಲ್ 3.5 ಎನ್ನುತ್ತದೆ. ಆದರೆ 40 ಗುಂಟೆಗೆ ಒಂದು ಎಕರೆ. ಇಪ್ಪತ್ತು ಮೂವತ್ತು ಸೇರಿ ಐವತ್ತು ಗುಂಟೆ, ಅಂದರೆ ಒಂದು ಎಕರೆ ಹತ್ತು ಗುಂಟೆ. ನಿಜವಾದ ಮೊತ್ತ 4 ಎಕರೆ 10 ಗುಂಟೆ.

ಯಾವ ಸೆಟ್ಟಿಂಗ್ ಬದಲಿಸಿದರೂ ಇದು ಸರಿ ಹೋಗುವುದಿಲ್ಲ. ಪಟ್ಟಿಯ ರೂಪವನ್ನೇ ಬದಲಿಸಬೇಕು. ಎಕರೆಗೆ ಒಂದು ಕಾಲಂ, ಗುಂಟೆಗೆ ಇನ್ನೊಂದು. ಎರಡನ್ನೂ ಸಾದಾ ಸಂಖ್ಯೆಯಾಗಿ ಬಿಡಿ. ಕೊನೆಯಲ್ಲಿ ಗುಂಟೆಗಳ ಮೊತ್ತವನ್ನು 40ರಿಂದ ಭಾಗಿಸಿ. ಬಂದ ಪೂರ್ಣ ಸಂಖ್ಯೆಯನ್ನು ಎಕರೆಗೆ ಸೇರಿಸಿ, ಉಳಿದ ಶೇಷವೇ ಗುಂಟೆ. ಕ್ವೋಷೆಂಟ್ ಮತ್ತು ಮಾಡ್ ಎಂಬ ಸೂತ್ರಗಳು ಈ ಎರಡು ಕೆಲಸವನ್ನು ಮಾಡಿಕೊಡುತ್ತವೆ.

ಸೊನ್ನೆ ಮತ್ತು ಉದ್ದ ನಂಬರ್

ಶಿವಮೊಗ್ಗದ ಎಸ್‌ಟಿಡಿ ಕೋಡ್ 08182. ಹಾಗೇ ಹೊಡೆದರೆ ಮುಂದಿನ ಸೊನ್ನೆ ಬಿದ್ದು 8182 ಉಳಿಯುತ್ತದೆ. ಸೊನ್ನೆಯಿಂದ ಶುರುವಾಗುವ ಖಾತೆ ನಂಬರ್‌ಗೂ ಇದೇ ಗತಿ.

ಹನ್ನೆರಡು ಅಂಕಿಯ ಆಧಾರ್ ನಂಬರ್ ಹೊಡೆದರೆ ನಡುವೆ 'ಇ' ಮತ್ತು ಕೂಡು ಚಿಹ್ನೆ ಇರುವ ವಿಚಿತ್ರ ರೂಪ ಕಾಣುತ್ತದೆ. ಗಾಬರಿ ಬೇಡ, ಒಳಗೆ ಅಂಕಿಗಳು ಭದ್ರವಾಗಿವೆ. ತೋರಿಸುವ ರೀತಿ ಮಾತ್ರ ಬೇರೆ. ಆದರೆ ಹದಿನೈದು ಅಂಕಿ ದಾಟಿದ ಖಾತೆ ನಂಬರ್ ಕಥೆಯೇ ಬೇರೆ. ಎಕ್ಸೆಲ್ ಮೊದಲ 15 ಅಂಕಿ ಮಾತ್ರ ನೆನಪಿಡುತ್ತದೆ, ಹದಿನಾರನೆಯದರಿಂದ ಮುಂದೆ ಸೊನ್ನೆ ಹಾಕಿಬಿಡುತ್ತದೆ. ಆ ಅಂಕಿ ಮತ್ತೆ ಸಿಗುವುದಿಲ್ಲ. ಒಂದು ಅಂಕಿ ತಪ್ಪಿದರೂ ದುಡ್ಡು ಯಾರದೋ ಖಾತೆಗೆ ಹೋಗಬಹುದು ಅಥವಾ ಎಲ್ಲೂ ಹೋಗದೆ ನಿಲ್ಲಬಹುದು. ಖಾತೆ ನಂಬರ್ ಕಾಲಂ ಯಾವಾಗಲೂ ಟೆಕ್ಸ್ಟ್ ಇರಲಿ. ಇದರಲ್ಲಿ ಮಾತ್ರ ನಾನು ಯಾರ ಮಾತನ್ನೂ ಕೇಳುವುದಿಲ್ಲ.

ಮೈಕ್ರೋಸಾಫ್ಟ್ 2023ರಲ್ಲಿ ಈ ಊಹೆಗಳನ್ನು ನಿಲ್ಲಿಸುವ ಆಯ್ಕೆಯನ್ನೇ ಕೊಟ್ಟಿತು. ಹೊಸ ಎಕ್ಸೆಲ್ ಇದ್ದರೆ ಫೈಲ್, ಆಪ್ಷನ್ಸ್, ಡೇಟಾ ಎಂದು ಹೋಗಿ. 'ಆಟೋಮ್ಯಾಟಿಕ್ ಡೇಟಾ ಕನ್ವರ್ಷನ್' ಎಂಬ ಭಾಗದಲ್ಲಿ ಮುಂದಿನ ಸೊನ್ನೆ ತೆಗೆಯುವುದು, ಉದ್ದ ನಂಬರನ್ನು 15 ಅಂಕಿಗೆ ಕತ್ತರಿಸುವುದು, ಹೀಗೆ ಒಂದೊಂದಕ್ಕೂ ಟಿಕ್ ಇದೆ. ತೆಗೆದುಬಿಡಿ. ಆದರೆ ಒಂದು ಮಾತು ನೆನಪಿರಲಿ. ತಾರೀಕಿನ ಟಿಕ್ ತೆಗೆದರೆ ಅಕ್ಷರ ಅಂಕಿ ಒಟ್ಟಿಗೆ ಅಂಟಿಕೊಂಡ ಹೆಸರುಗಳಷ್ಟೇ ಹೊಡೆದ ಹಾಗೇ ಉಳಿಯುತ್ತವೆ. ನಡುವೆ ಓರೆಗೆರೆ ಇರುವ 12/3 ಆಮೇಲೂ ತಾರೀಕಾಗುತ್ತದೆ. ಹಾಗಾಗಿ ಕಾಲಂ ಟೆಕ್ಸ್ಟ್ ಮಾಡುವ ಕೆಲಸ ತಪ್ಪುವುದಿಲ್ಲ.

ಈ ವಿಷಯದಲ್ಲಿ ಲಿಬ್ರೆಆಫೀಸ್ ನನಗೆ ಹೆಚ್ಚು ಇಷ್ಟ. ಟೂಲ್ಸ್, ಆಪ್ಷನ್ಸ್, ಅಲ್ಲಿ ಭಾಷೆಯ ಸೆಟ್ಟಿಂಗ್ ಒಳಗೆ 'ಡೇಟ್ ಆಕ್ಸೆಪ್ಟೆನ್ಸ್ ಪ್ಯಾಟರ್ನ್ಸ್' ಎಂಬ ಒಂದು ಸಾಲು ಇದೆ. ಯಾವ ರೂಪದಲ್ಲಿ ಹೊಡೆದರೆ ತಾರೀಕು ಎಂದು ತಿಳಿಯಬೇಕು ಎಂಬುದನ್ನು ಅಲ್ಲಿ ನಾವೇ ಬರೆಯಬಹುದು. ದಿನ, ತಿಂಗಳು, ವರ್ಷ ಮೂರೂ ಇರುವ ರೂಪ ಉಳಿಸಿ, ದಿನ ಮತ್ತು ತಿಂಗಳು ಮಾತ್ರ ಇರುವ ರೂಪ ಅಳಿಸಿ. ಆಮೇಲೆ 12/3 ಮುಟ್ಟುವುದಿಲ್ಲ, 12/3/2024 ಹೊಡೆದರೆ ಮಾತ್ರ ತಾರೀಕು. ತಂತ್ರಾಂಶ ಊಹಿಸುತ್ತದೆ, ಆದರೆ ಯಾವುದನ್ನು ಊಹಿಸಬೇಕು ಎಂದು ಹೇಳುವವರು ನಾವು.

ವರ್ಡ್‌ನಲ್ಲಿ ಅರ್ಜಿ ಬರೆಯುವಾಗ

ವರ್ಡ್‌ನ ಊಹೆಗಳು ಬೇರೆ ತರಹ. ಸರ್ವೆ ನಂಬರ್ 1/2 ಎಂದು ಹೊಡೆದು ಜಾಗ ಬಿಟ್ಟರೆ ಅದು 'ಅರ್ಧ' ಎಂಬ ಪುಟ್ಟ ಚಿಹ್ನೆ ಆಗುತ್ತದೆ. 1 ಚುಕ್ಕೆ ಹಾಕಿ ಸಾಲು ಶುರು ಮಾಡಿದರೆ ತಾನೇ ಪಟ್ಟಿ ಮಾಡಿ ಒಳಕ್ಕೆ ತಳ್ಳುತ್ತದೆ. ಇಮೇಲ್ ವಿಳಾಸ ಹೊಡೆದರೆ ನೀಲಿ ಮಾಡಿ ಗೆರೆ ಎಳೆಯುತ್ತದೆ.

ಮೊದಲ ಉಪಾಯ ತುಂಬ ಸುಲಭ. ಅದು ಬದಲಿಸಿದ ಕ್ಷಣವೇ ಕಂಟ್ರೋಲ್ ಝಡ್ ಒತ್ತಿ. ನೀವು ಹೊಡೆದದ್ದು ಅಳಿಯುವುದಿಲ್ಲ, ವರ್ಡ್ ತಾನಾಗಿ ಮಾಡಿದ್ದು ಮಾತ್ರ ವಾಪಸ್ ಹೋಗುತ್ತದೆ. ಎಷ್ಟೋ ವರ್ಷ ಟೈಪ್ ಮಾಡಿದವರಿಗೂ ಇದು ಗೊತ್ತಿರುವುದಿಲ್ಲ. ಅಳಿಸಿ ಮತ್ತೆ ಹೊಡೆದು, ಮತ್ತೆ ಬದಲಾಗಿ, ಸಿಟ್ಟು ಮಾಡಿಕೊಳ್ಳುತ್ತಾರೆ.

ಪದೇ ಪದೇ ತೊಂದರೆ ಕೊಡುವುದನ್ನು ಬುಡದಲ್ಲೇ ನಿಲ್ಲಿಸಿ. ಫೈಲ್, ಆಪ್ಷನ್ಸ್, ಪ್ರೂಫಿಂಗ್, ಆಟೋಕರೆಕ್ಟ್ ಆಪ್ಷನ್ಸ್. ಅಲ್ಲಿ 'ಆಟೋಫಾರ್ಮ್ಯಾಟ್ ಆ್ಯಸ್ ಯು ಟೈಪ್' ಪುಟದಲ್ಲಿ ಭಿನ್ನರಾಶಿ, ತಾನಾಗಿ ಬರುವ ಪಟ್ಟಿ, ಲಿಂಕ್, ಇವುಗಳ ಟಿಕ್ ತೆಗೆಯಿರಿ. ಎಲ್ಲವನ್ನೂ ಒಟ್ಟಿಗೆ ತೆಗೆಯಬೇಡಿ. ನಿಮಗೆ ಯಾವುದು ಅಡ್ಡ ಬಂತೋ ಅದನ್ನು ಮಾತ್ರ.

ಅರ್ಜಿಯ ಮೇಲಿನ ತಾರೀಕಿನ ಬಗ್ಗೆಯೂ ಹೇಳಬೇಕು. ಇನ್ಸರ್ಟ್ ಮೆನುವಿನಿಂದ ತಾರೀಕು ಹಾಕುವಾಗ 'ಅಪ್‌ಡೇಟ್ ಆಟೋಮ್ಯಾಟಿಕಲಿ' ಎಂಬ ಟಿಕ್ ಇರುತ್ತದೆ. ಅದು ಇದ್ದರೆ ಜೂನ್‌ನಲ್ಲಿ ಕೊಟ್ಟ ಅರ್ಜಿಯನ್ನು ಆಗಸ್ಟ್‌ನಲ್ಲಿ ತೆರೆದಾಗ ಆಗಸ್ಟ್ ತಾರೀಕು ತೋರಿಸುತ್ತದೆ. ನಾನು ಯಾವತ್ತು ಕೊಟ್ಟೆ ಎನ್ನುವುದಕ್ಕೆ ನಿಮ್ಮ ಪ್ರತಿಯೇ ಸಾಕ್ಷಿ ಹೇಳುವುದಿಲ್ಲ. ಟಿಕ್ ತೆಗೆದು ಹಾಕಿ, ಇಲ್ಲವೇ ಕೈಯಲ್ಲೇ ಹೊಡೆಯಿರಿ. ಹಳೆಯ ಅರ್ಜಿಯಲ್ಲಿ ಹೀಗಾಗಿದ್ದರೆ, ತಾನಾಗಿ ಬದಲಾಗುವ ಆ ತಾರೀಕನ್ನು ಪೂರ್ತಿ ಅಳಿಸಿ, ಸರಿಯಾದದ್ದನ್ನು ಕೈಯಲ್ಲೇ ಹೊಡೆಯಿರಿ; ಅದರ ಒಳಗೇ ತಿದ್ದಿದರೆ ಮತ್ತೆ ಬದಲಾಗುತ್ತದೆ.

ನುಡಿ, ಬರಹದ ಹಳೆಯ ಫಾಂಟ್ ಬಳಸುವವರಿಗೆ

ನಮ್ಮ ಕಡೆಯ ಡಿಟಿಪಿ ಅಂಗಡಿಗಳಲ್ಲಿ, ಹಳೆಯ ಕಡತಗಳಲ್ಲಿ ಕನ್ನಡ ಟೈಪಿಂಗ್ ತಂತ್ರಾಂಶವಾದ ನುಡಿಯ ಹಳೆಯ ಫಾಂಟ್ ಈಗಲೂ ಇದೆ. ಅವು ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ ಪದ್ಧತಿ) ಅಲ್ಲ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ, ಫಾಂಟ್ ಅದಕ್ಕೆ ಕನ್ನಡದ ಆಕಾರ ಕೊಡುತ್ತದೆ. ನಮ್ಮ ಕಣ್ಣಿಗೆ ಕನ್ನಡ, ವರ್ಡ್ ಕಣ್ಣಿಗೆ ತಪ್ಪುತಪ್ಪು ಇಂಗ್ಲಿಷ್.

ಆಗ ಏನಾಗುತ್ತದೆ ನೋಡಿ. ವಾಕ್ಯದ ಮೊದಲ ಅಕ್ಷರ ದೊಡ್ಡದಿರಬೇಕು ಎಂದು ವರ್ಡ್ ತಿದ್ದುತ್ತದೆ. ನುಡಿ ಫಾಂಟ್‌ನಲ್ಲಿ ಇಂಗ್ಲಿಷ್‌ನ ಸಣ್ಣ 'ಡಿ' ಅಂದರೆ ಜ. ದೊಡ್ಡ 'ಡಿ' ಅಂದರೆ ಆ. ವಾಕ್ಯದ ಶುರುವಿನಲ್ಲಿ 'ಜನ' ಎಂದು ಹೊಡೆದರೆ 'ಆನ' ಆಗಿಬಿಡುತ್ತದೆ. ಸಣ್ಣ 'ಎಫ್' ಜಿ, ದೊಡ್ಡ 'ಎಫ್' ಈ. 'ಜಿಲ್ಲೆ' ಹೋಗಿ 'ಈಲ್ಲೆ' ಬರುತ್ತದೆ. ನಾನು ಟೈಪ್ ಕಲಿಯುವಾಗ ನನ್ನ ಬೆರಳೇ ತಪ್ಪಿತು ಎಂದು ಎಷ್ಟು ಸಲ ಅಳಿಸಿದ್ದೇನೋ. ತಪ್ಪು ಬೆರಳಿನದಲ್ಲ, ಭಾಷೆ ಯಾವುದೆಂಬ ಊಹೆಯದು.

ಪರಿಹಾರ ಎರಡು. ಹಳೆಯ ಫಾಂಟ್ ಬಿಡಲು ಆಗದಿದ್ದರೆ ಆಟೋಕರೆಕ್ಟ್ ಪುಟದಲ್ಲಿ ಮೊದಲ ಅಕ್ಷರ ದೊಡ್ಡದು ಮಾಡುವುದನ್ನು, ಎರಡು ದೊಡ್ಡ ಅಕ್ಷರ ತಿದ್ದುವುದನ್ನು, ಟೈಪ್ ಮಾಡಿದಂತೆ ಪದ ಬದಲಿಸುವುದನ್ನು ಪೂರ್ತಿ ನಿಲ್ಲಿಸಿ. ಉದ್ಧರಣ ಚಿಹ್ನೆ ಬಾಗಿಸುವುದನ್ನೂ ನಿಲ್ಲಿಸಿ. ಹೊಸದಾಗಿ ಬರೆಯುವುದಾದರೆ ಯುನಿಕೋಡ್‌ಗೆ ಬನ್ನಿ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಅದರದೇ ಜಾಗ ಇದೆ, ಇಂಗ್ಲಿಷ್ ಎಂದು ತಪ್ಪು ತಿಳಿಯುವ ಪ್ರಶ್ನೆಯೇ ಇಲ್ಲ. 2019ರ ವಿಂಡೋಸ್ 10 ಆವೃತ್ತಿಯಿಂದ ಉಚ್ಚಾರಣೆಯಂತೆ ಹೊಡೆಯುವ ಕನ್ನಡ ಕೀಬೋರ್ಡ್ ವಿಂಡೋಸ್ ಒಳಗೇ ಇದೆ.

ಯುನಿಕೋಡ್‌ನಲ್ಲಿ ಬರೆದರೂ ಭಾಷೆಯನ್ನು ಕೈಯಾರೆ ಹೇಳಿಡುವುದು ಒಳ್ಳೆಯದು. ವರ್ಡ್‌ನಲ್ಲಿ ಎಲ್ಲವನ್ನೂ ಆಯ್ಕೆ ಮಾಡಿ, ರಿವ್ಯೂ, ಲ್ಯಾಂಗ್ವೇಜ್, 'ಸೆಟ್ ಪ್ರೂಫಿಂಗ್ ಲ್ಯಾಂಗ್ವೇಜ್' ಎಂದು ಹೋಗಿ. ಕನ್ನಡ ಆರಿಸಿ, ಭಾಷೆಯನ್ನು ತಾನಾಗಿ ಗುರುತಿಸುವ ಟಿಕ್ ತೆಗೆಯಿರಿ. ನಡುವೆ ಇಂಗ್ಲಿಷ್ ಪ್ಯಾರಾ ಇದ್ದರೆ ಅದಕ್ಕೆ ಬೇರೆಯಾಗಿ ಇಂಗ್ಲಿಷ್ ಕೊಡಿ. ಕನ್ನಡ ಸಾಲಿನ ಮೇಲೆ ಕ್ಲಿಕ್ ಮಾಡಿದ ತಕ್ಷಣ ಕೀಬೋರ್ಡ್ ತಾನೇ ಬದಲಾಗುತ್ತಿದ್ದರೆ ಆಪ್ಷನ್ಸ್‌ನ ಅಡ್ವಾನ್ಸ್‌ಡ್ ಪುಟದಲ್ಲಿ ಅದನ್ನು ನಿಲ್ಲಿಸುವ ಟಿಕ್ ಇದೆ.

ಲಿಬ್ರೆಆಫೀಸ್‌ನಲ್ಲಿ ಫಾಂಟ್ ಬದಲಿಸಿದರೂ ಕನ್ನಡ ಬದಲಾಗುತ್ತಿಲ್ಲ ಎಂದು ಹಲವರು ಕೇಳುತ್ತಾರೆ. ಅದು ಇಂಗ್ಲಿಷ್‌ಗೆ ಒಂದು ಫಾಂಟ್, ಕನ್ನಡದಂಥ ಲಿಪಿಗಳಿಗೆ ಇನ್ನೊಂದು ಫಾಂಟ್ ಇಡುತ್ತದೆ. ಭಾಷೆಯ ಸೆಟ್ಟಿಂಗ್‌ನಲ್ಲಿ 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಮುಂದೆ ಕನ್ನಡ ಆರಿಸಿ, ಆಮೇಲೆ ಅದರ ಫಾಂಟ್ ಮತ್ತು ಗಾತ್ರ ಬೇರೆಯಾಗಿ ಕೊಡಿ.

ತಾನಾಗಿ ಆಗಲಿ ಎಂದು ಬಿಡಬೇಕಾದದ್ದು

ಉಳಿಸುವ ಕೆಲಸ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲಾಗುವುದಿಲ್ಲ. ವರ್ಡ್, ಎಕ್ಸೆಲ್ ತಾವಾಗಿ 10 ನಿಮಿಷಕ್ಕೊಮ್ಮೆ ತುರ್ತು ಪ್ರತಿ ಇಡುತ್ತವೆ. ಹತ್ತು ನಿಮಿಷದಲ್ಲಿ ಒಂದು ಪುಟ ಬರೆದಿರುತ್ತೀರಿ. ಫೈಲ್, ಆಪ್ಷನ್ಸ್, ಸೇವ್ ಪುಟದಲ್ಲಿ ಆ 10 ತೆಗೆದು 2 ಹಾಕಿ. ಲಿಬ್ರೆಆಫೀಸ್‌ನಲ್ಲೂ ಲೋಡ್/ಸೇವ್ ಭಾಗದಲ್ಲಿ ಇದೇ ಆಯ್ಕೆ ಇದೆ. ಆದರೂ ಕಂಟ್ರೋಲ್ ಎಸ್ ಒತ್ತುವ ಅಭ್ಯಾಸ ಬಿಡಬೇಡಿ.

ಪೆನ್‌ಡ್ರೈವ್ ಹಿಡಿದು ಅಂಗಡಿಗೆ ಹೋಗುವ ಮೊದಲು

ಮನೆಯಲ್ಲಿ ಎಲ್ಲ ಸರಿ ಮಾಡಿದ್ದೆ, ಜೆರಾಕ್ಸ್ ಅಂಗಡಿಯಲ್ಲಿ ಮತ್ತೆ ಕೆಟ್ಟಿತು ಎನ್ನುವ ಮಾತು ಜಾಸ್ತಿ ಕೇಳುತ್ತೇನೆ. ಕಾರಣ ಇದು. ಕೆಲವು ಸೆಟ್ಟಿಂಗ್ ಕಡತದ ಜೊತೆ ಹೋಗುತ್ತವೆ: ಸೆಲ್ ಟೆಕ್ಸ್ಟ್ ಆಗಿರುವುದು, ಕನ್ನಡ ಎಂದು ಹೇಳಿಟ್ಟ ಭಾಷೆ, ಅಕ್ಷರದ ಶೈಲಿ. ಕೆಲವು ಆ ಕಂಪ್ಯೂಟರಿನಲ್ಲೇ ಉಳಿಯುತ್ತವೆ: ಆಟೋಕರೆಕ್ಟ್, ಡೇಟಾ ಕನ್ವರ್ಷನ್, ತಾರೀಕಿನ ರೂಪ. ಹಾಗಾಗಿ ಕಡತದ ಒಳಗೇ ಹೇಳಿಡಬಹುದಾದದ್ದನ್ನು ಅಲ್ಲೇ ಹೇಳಿಡಿ. ಕಾಲಂಗಳನ್ನೆಲ್ಲ ಸರಿ ಮಾಡಿದ ಖಾಲಿ ಪಟ್ಟಿಯೊಂದನ್ನು ಟೆಂಪ್ಲೇಟ್ ಆಗಿ ಉಳಿಸಿಕೊಂಡರೆ ಪ್ರತಿ ವರ್ಷ ಮತ್ತೆ ಮಾಡುವುದು ತಪ್ಪುತ್ತದೆ.

ಪ್ರಿಂಟ್‌ಗೆ ಮಾತ್ರ ಬೇಕಿದ್ದರೆ ಪಿಡಿಎಫ್ ಮಾಡಿ ಒಯ್ಯಿರಿ. ಅದರಲ್ಲಿ ಯಾವ ಊಹೆಯೂ ನಡೆಯುವುದಿಲ್ಲ.

ಸಿಎಸ್‌ವಿ ಕಡತದ ಬಗ್ಗೆ ಮಾತ್ರ ಹುಷಾರು. ಅದು ಬರೀ ಅಕ್ಷರಗಳ ಕಡತ, ಯಾವ ಕಾಲಂ ಏನು ಎಂಬ ಮಾಹಿತಿ ಅದರಲ್ಲಿ ಇರುವುದೇ ಇಲ್ಲ. ಜೋಡಿ ಕ್ಲಿಕ್ ಮಾಡಿ ತೆರೆದರೆ ಎಕ್ಸೆಲ್ ಎಲ್ಲವನ್ನೂ ಹೊಸದಾಗಿ ಊಹಿಸುತ್ತದೆ. ಖಾಲಿ ಎಕ್ಸೆಲ್ ತೆರೆದು ಡೇಟಾ ಮೆನುವಿನಲ್ಲಿ 'ಫ್ರಮ್ ಟೆಕ್ಸ್ಟ್/ಸಿಎಸ್‌ವಿ' ಕೊಡಿ. ಬರುವ ಕಿಟಕಿಯಲ್ಲಿ ಮೊದಲ 200 ಸಾಲು ನೋಡಿ ಊಹಿಸುತ್ತೇನೆ ಎಂದು ಬರೆದಿರುತ್ತದೆ. ಅದನ್ನು ಬದಲಿಸಿ 'ಡು ನಾಟ್ ಡಿಟೆಕ್ಟ್ ಡೇಟಾ ಟೈಪ್ಸ್' ಆರಿಸಿ. ಲಿಬ್ರೆಆಫೀಸ್ ಆದರೆ ತೆರೆಯುವಾಗಲೇ ಕೇಳುತ್ತದೆ, ಪ್ರತಿ ಕಾಲಂ ಮೇಲೆ ಕ್ಲಿಕ್ ಮಾಡಿ ಟೆಕ್ಸ್ಟ್ ಎಂದು ಹೇಳಿ.

ಕೊನೆಯ ತಪಾಸಣೆಗೆ ಒಂದು ನಿಮಿಷ ಸಾಕು. ಎಕ್ಸೆಲ್ ತಾನಾಗಿ ಅಕ್ಷರಗಳನ್ನು ಸೆಲ್‌ನ ಎಡಕ್ಕೂ ಸಂಖ್ಯೆ ಮತ್ತು ತಾರೀಕನ್ನು ಬಲಕ್ಕೂ ಕೂರಿಸುತ್ತದೆ. ನೀವು ನಡುವೆ ಅಥವಾ ಬೇರೆ ಕಡೆ ಜೋಡಿಸಿದ್ದರೆ ಅದನ್ನು ತೆಗೆದುಬಿಡಿ. ಆಮೇಲೆ ಸರ್ವೆ ನಂಬರ್ ಕಾಲಂನ ಮೇಲಿನಿಂದ ಕೆಳಗೆ ಕಣ್ಣು ಹಾಯಿಸಿ. ಎಲ್ಲವೂ ಎಡಕ್ಕೆ ಅಂಟಿಕೊಂಡಿದ್ದರೆ ಪ್ರಿಂಟ್ ಕೊಡಿ. ಒಂದೇ ಒಂದು ಬಲಕ್ಕೆ ಸರಿದಿದ್ದರೂ ನಿಲ್ಲಿಸಿ, ಆ ಸಾಲಿನವರ ಪಹಣಿ ತೆಗೆದು ನೋಡಿ.